ಐದು ವರ್ಷ ತುಂಬಿದ ಮೇಲೆ ಮಗಳು ಅಪ್ಪನಿಗೆ ಸಿಗುತ್ತಾಳಾ?

ಕುವೆಂಪುನಗರದವನು · ಭಾನುವಾರ ರಾತ್ರಿ 10:50

ಎಲ್ಲರಿಗೂ ನಮಸ್ಕಾರ. ಮನೆ ವಿಷಯ ಇಲ್ಲಿ ಹಾಕೋದಾ ಬೇಡವಾ ಅಂತ ಒಂದು ವಾರ ಯೋಚಿಸಿದೆ. ಕೊನೆಗೆ ಹಾಕುತ್ತಿದ್ದೇನೆ.

ನಾನು ಮೈಸೂರಿನವನು. ಹೆಂಡತಿ ಕಳೆದ ವರ್ಷ ಯುಗಾದಿ ಮುಗಿದ ಮೇಲೆ ಮಗಳನ್ನು ಕರೆದುಕೊಂಡು ಮಂಡ್ಯದ ತವರಿಗೆ ಹೋದಳು. ಅಲ್ಲೇ ಡೈವೋರ್ಸ್ ಕೇಸ್ ಹಾಕಿದ್ದಾಳೆ. ತಪ್ಪು ಯಾರದ್ದು ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ನನ್ನ ಕಡೆಯದ್ದೇ ಬರೆಯುತ್ತೇನೆ, ಅಲ್ವಾ. ಸದ್ಯಕ್ಕೆ ಕೋರ್ಟು ತಿಂಗಳಿಗೆ ಎರಡು ಭಾನುವಾರ, ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ ಮಗಳನ್ನು ನೋಡಲು ಬಿಟ್ಟಿದೆ. ಇವತ್ತು ಅಂಥ ಒಂದು ಭಾನುವಾರ. 3:30 ಆಯಿತು ಅಂದರೆ ಅವಳು ಗಡಿಯಾರ ನೋಡಲು ಶುರು ಮಾಡುತ್ತಾಳೆ. ಗಡಿಯಾರ ಓದಲು ಇನ್ನೂ ಬರುವುದಿಲ್ಲ. ಆದರೂ ನೋಡುತ್ತಾಳೆ.

ಬರುವ ತಿಂಗಳು ಅವಳಿಗೆ ಐದು ತುಂಬುತ್ತದೆ. ಐದಾದ ಮೇಲೆ ಮಗು ಅಪ್ಪನಿಗೇ, ಕಾನೂನೇ ಹಾಗಿದೆ ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ಇನ್ನೊಬ್ಬರು, ಅಪ್ಪಂದಿರಿಗೆ ಕೊಟ್ಟಿದ್ದು ಎಲ್ಲಾದರೂ ನೋಡಿದ್ದೀರಾ ಅಂತ ನಕ್ಕರು. ಯಾವುದು ಸರಿ? ಜೊತೆಗೆ ದಸರಾ ರಜೆ ಬರುತ್ತಿದೆ. ಹತ್ತು ದಿನ ಇಲ್ಲಿ ಇಟ್ಟುಕೊಳ್ಳಬೇಕು ಅಂತ ಆಸೆ. ಅವರ ಮನೆಯವರು ಒಪ್ಪುತ್ತಿಲ್ಲ.

ಪಾಂಡವಪುರ ಹೈದ · 11:05

ಅಣ್ಣಾ, ಆಸೆ ಬಿಟ್ಬಿಡಿ. ಹೆಂಗಸರಿಗೇ ಕೊಡೋದು. ನಮ್ಮ ಚಿಕ್ಕಪ್ಪನ ಮಗಂದು ಆರು ವರ್ಷ ಎಳೆದಾಡ್ತು. ಕೊನೆಗೆ ಒಂದು ಸೈಟು ಹೋಯ್ತು, ಮಗ ಬರಲಿಲ್ಲ.

ಲಾಯರಮ್ಮ ಮಂಡ್ಯ · ಸೋಮವಾರ ಬೆಳಿಗ್ಗೆ 7:20

ನಿಮ್ಮ ಆಫೀಸಿನವರು ಇಬ್ಬರೂ ಸರಿಯಾಗಿ ಹೇಳಿಲ್ಲ ಸರ್.

ಈ ಐದು ವರ್ಷದ ಮಾತು ಬಂದಿರುವುದು 1956ರ ಹಿಂದೂ ಮೈನಾರಿಟಿ ಅಂಡ್ ಗಾರ್ಡಿಯನ್‌ಶಿಪ್ ಆಕ್ಟಿನ 6ನೇ ಸೆಕ್ಷನ್‌ನಿಂದ. ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರ ಇರಬೇಕು ಅಂತ ಅದರಲ್ಲಿದೆ. ಐದು ತುಂಬಿದ ದಿನ ತಂದೆಗೆ ಒಪ್ಪಿಸಿ ಅಂತ ಎಲ್ಲೂ ಇಲ್ಲ. ಬರ್ತ್‌ಡೇ ಕೇಕ್ ಕತ್ತರಿಸಿದ ಕೂಡಲೇ ಕಸ್ಟಡಿ ಬದಲಾಗುವುದಿಲ್ಲ. ಐದರ ಒಳಗಿನ ಮಗುವನ್ನು ತಾಯಿಯಿಂದ ಬಿಡಿಸಬೇಕಾದರೆ, ಆಕೆ ಯಾಕೆ ಬೇಡ ಅನ್ನುವುದನ್ನು ತಂದೆಯೇ ತೋರಿಸಬೇಕು. 2015ರಲ್ಲಿ ಸುಪ್ರೀಂ ಕೋರ್ಟು ಇದನ್ನು ಗಟ್ಟಿಯಾಗಿ ಹೇಳಿದೆ. ಐದಾದ ಮೇಲೆ ತಾಯಿಗೆ ಆ ಅನುಕೂಲ ಇಲ್ಲ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ಅಷ್ಟೇ ವ್ಯತ್ಯಾಸ.

ಅದೇ ಸೆಕ್ಷನ್‌ನಲ್ಲಿ ಮಗುವಿನ ಸಹಜ ಗಾರ್ಡಿಯನ್ ತಂದೆ, ಅವನ ನಂತರ ತಾಯಿ ಅಂತಲೂ ಇದೆ. ಅದನ್ನು ಗೂಗಲ್‌ನಲ್ಲಿ ಓದಿ ಎದೆಯುಬ್ಬಿಸಿಕೊಂಡು ಬರುವ ಅಪ್ಪಂದಿರು ತುಂಬಾ ಜನ. 1999ರ ಗೀತಾ ಹರಿಹರನ್ ಕೇಸಿನಲ್ಲಿ ಸುಪ್ರೀಂ ಕೋರ್ಟು, ‘ನಂತರ’ ಅಂದರೆ ತಂದೆ ಸತ್ತ ಮೇಲೆ ಅಂತ ಮಾತ್ರ ಅಲ್ಲ, ತಂದೆ ಮಗುವಿನ ಹೊಣೆ ಹೊರದೆ ಇದ್ದಾಗಲೂ ತಾಯಿಯೇ ಗಾರ್ಡಿಯನ್ ಅಂತ ಬಿಡಿಸಿ ಹೇಳಿತು. ಇನ್ನು 13ನೇ ಸೆಕ್ಷನ್ ಇದಕ್ಕೆಲ್ಲ ಮೇಲೆ: ಮಗುವಿನ ಹಿತವೇ ಮುಖ್ಯ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟಿನಲ್ಲೂ ಅದೇ. ಮಗುವಿನ ವಯಸ್ಸು, ಗಂಡೋ ಹೆಣ್ಣೋ, ಕೇಳುವವರ ನಡತೆ, ಸಾಕುವ ಶಕ್ತಿ ಎಲ್ಲ ನೋಡಬೇಕು ಅಂತ 17ನೇ ಸೆಕ್ಷನ್ ಹೇಳುತ್ತದೆ.

ಒಂದು ಕೇಳುತ್ತೇನೆ. ನೀವು ಮೈಸೂರಿನಲ್ಲಿ ಬೇರೆ ಕೇಸ್ ಹಾಕಿಲ್ಲ ತಾನೇ? ಗಾರ್ಡಿಯನ್ ಅರ್ಜಿಯನ್ನು ಮಗು ವಾಸ ಇರುವ ಊರಿನ ಕೋರ್ಟಿನಲ್ಲಿ ಹಾಕಬೇಕು. ಮಗಳು ಒಂದು ವರ್ಷದಿಂದ ಮಂಡ್ಯದಲ್ಲಿದ್ದಾಳೆ. ಮೈಸೂರಿನಲ್ಲಿ ಹಾಕಿದರೆ ಅವರ ಕಡೆಯ ವಕೀಲರು ಮೊದಲ ದಿನವೇ ತಕರಾರು ತೆಗೆಯುತ್ತಾರೆ. ಅದರ ಬದಲು ಈಗ ನಡೆಯುತ್ತಿರುವ ಡೈವೋರ್ಸ್ ಕೇಸಿನಲ್ಲೇ ಹಿಂದೂ ಮ್ಯಾರೇಜ್ ಆಕ್ಟಿನ 26ನೇ ಸೆಕ್ಷನ್ ಕೆಳಗೆ ಅರ್ಜಿ ಕೊಡಬಹುದು.

ಕುವೆಂಪುನಗರದವನು · 9:10

ಹಾಕಿಲ್ಲ ಮೇಡಂ, ಹಾಕಬೇಕು ಅಂತಿದ್ದೆ. ತಪ್ಪಿತು.

ಸಾಕುವ ಶಕ್ತಿ ಅಂದಿರಲ್ಲ. ನನಗೆ ಸ್ವಂತ ಮನೆ ಇದೆ. ಕೆಲಸ ಪರ್ಮನೆಂಟ್. ಅವಳು ಒಂದು ಖಾಸಗಿ ಶಾಲೆಯಲ್ಲಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದೆ, ಸಂಬಳ ಕಮ್ಮಿ. ಇದು ನನಗೆ ಪ್ಲಸ್ ಅಲ್ವಾ?

ಹಳೇ ಶಿರಸ್ತೇದಾರ · 12:35

ಇಲ್ಲ ಮಗೂ. ಮೂವತ್ತು ವರ್ಷಕ್ಕಿಂತ ಜಾಸ್ತಿ ಕೋರ್ಟಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ದುಡ್ಡು ಇದ್ದವರಿಗೇ ಮಗು ಅನ್ನುವುದಾದರೆ ಜಡ್ಜ್ ಯಾಕೆ ಬೇಕು, ಒಬ್ಬ ಅಕೌಂಟೆಂಟ್ ಸಾಕಿತ್ತು. ದುಡ್ಡಿರುವವರು ಮಗುವಿನ ಖರ್ಚು ಕೊಡಲಿ ಅನ್ನುತ್ತಾರೆ, ಅಷ್ಟೇ. 2020ರಿಂದ ಈಚೆಗೆ ಇಬ್ಬರೂ ತಮ್ಮ ಆಸ್ತಿ, ಸಂಬಳ, ಸಾಲ ಎಲ್ಲ ಬರೆದು ಅಫಿಡವಿಟ್ ಕೊಡಬೇಕು ಅಂತ ಸುಪ್ರೀಂ ಕೋರ್ಟಿನ ಆದೇಶವೇ ಇದೆ. ಅದು ಬೇಕಾಗುವುದು ಜೀವನಾಂಶ ಲೆಕ್ಕ ಹಾಕಲು.

ಒಂದು ಸಂಗತಿ ಹೇಳುತ್ತೇನೆ. ಊರು, ಹೆಸರು ಬೇಡ. ಹುಡುಗನಿಗೆ ಆರು ವರ್ಷ. ಅಪ್ಪ, ಅಮ್ಮ ಇಬ್ಬರೂ ಫೈಲ್ ತಂದಿದ್ದರು. ಅಮ್ಮನ ಕಡೆಯವರ ಫೈಲ್ ದಪ್ಪ. ಅವರಪ್ಪನ ಜಮೀನಿನ ಪಹಣಿ, ಬ್ಯಾಂಕ್ ಪಾಸ್‌ಬುಕ್, ಮನೆ ಫೋಟೋ, ಕಾಂಪೌಂಡಿನ ಫೋಟೋ ಕೂಡ. ಈ ಮನುಷ್ಯ ಗಾರೆ ಕೆಲಸದವನು. ಷರ್ಟಿನ ಜೇಬಿನಿಂದ ಒಂದು ತಾಯಿ ಕಾರ್ಡ್ ತೆಗೆದ. ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿ ಇಟ್ಟಿದ್ದ, ಮಡಿಕೆ ಇದ್ದ ಕಡೆ ಹರಿದು ಟೇಪ್ ಹಚ್ಚಿತ್ತು. ಹುಟ್ಟಿದಾಗಿನಿಂದ ಚುಚ್ಚುಮದ್ದಿನ ತಾರೀಖೆಲ್ಲ ಅದರಲ್ಲಿತ್ತು. ಮಗುವಿಗೆ ಯಾವ ಸೂಜಿಗೆ ಎಷ್ಟು ದಿನ ಜ್ವರ ಬಂತು ಅಂತ ಅವನಿಗೆ ಬಾಯಿಪಾಠ. ಜಡ್ಜ್ ಆ ಕಾರ್ಡನ್ನು ಎರಡು ನಿಮಿಷ ನೋಡಿದರು. ದಪ್ಪ ಫೈಲನ್ನು ಅಷ್ಟು ಹೊತ್ತು ನೋಡಲಿಲ್ಲ. ಕಾರ್ಡ್ ಒಂದರಿಂದಲೇ ತೀರ್ಪಾಯಿತು ಅಂತ ಹೇಳುತ್ತಿಲ್ಲ, ಸಾಕ್ಷಿ ಎಲ್ಲ ಆಯಿತು. ಆದರೆ ಮಗ ಅವನ ಹತ್ತಿರವೇ ಉಳಿದ. ಅಮ್ಮನಿಗೆ ಶನಿವಾರ, ಭಾನುವಾರ ಮತ್ತು ಅರ್ಧ ಬೇಸಿಗೆ ರಜೆ.

ಪಾಂಡವಪುರದವರು ಅಪ್ಪಂದಿರಿಗೆ ಕೊಡುವುದೇ ಇಲ್ಲ ಅಂದರಲ್ಲ, ಅದಕ್ಕೆ ಹೇಳಿದೆ. ಜಾಸ್ತಿ ಕೇಸಿನಲ್ಲಿ ತಾಯಿಗೆ ಸಿಗುತ್ತದೆ, ನಿಜ. ಯಾಕೆಂದರೆ ಜಾಸ್ತಿ ಮನೆಯಲ್ಲಿ ತಾಯಿ ಕಾರ್ಡ್ ಇರುವುದು ತಾಯಿ ಹತ್ತಿರ.

ಪಾಂಡವಪುರ ಹೈದ · 12:50

ಸರಿ ಬುಡಿ ಯಜಮಾನ್ರೆ. ಒಪ್ಪಿದೆ. ಅರ್ಧ.

ಮದ್ದೂರು ಅಕ್ಕ · ಮಧ್ಯಾಹ್ನ 3:15

ಅಮ್ಮಂದಿರಿಗೆ ಸುಮ್ನೆ ಸಿಕ್ಕಿಬಿಡುತ್ತದೆ ಅಂದುಕೊಂಡವರಿಗೆ ನನ್ನದೂ ಒಂದು ಇರಲಿ.

ನನ್ನ ಗಂಡನ ವಕೀಲರು ಕೋರ್ಟಿನಲ್ಲಿ ನನ್ನನ್ನು ಕೇಳಿದ್ದು ಮಗನ ಊಟದ ವಿಷಯ ಅಲ್ಲ. ರಾತ್ರಿ ಎಷ್ಟು ಗಂಟೆಗೆ ಫೋನ್ ಇಡುತ್ತೀರಿ, ಯಾರ ಜೊತೆ ಮಾತಾಡುತ್ತೀರಿ ಅಂತ. ಮುಖ ತಗ್ಗಿಸಿ ನಿಂತಿದ್ದೆ. ಆಮೇಲೆ ನನ್ನ ಕಡೆಯ ವಕೀಲರು ಎದ್ದು, ಹೆಂಡತಿಯಾಗಿ ಹೇಗಿದ್ದರು ಅನ್ನುವುದು ಡೈವೋರ್ಸಿನ ಪ್ರಶ್ನೆ, ತಾಯಿಯಾಗಿ ಹೇಗಿದ್ದಾರೆ ಅದನ್ನು ಕೇಳಿ ಅಂದರು. ಜಡ್ಜ್ ತಲೆಯಾಡಿಸಿದರು. ಆ ಒಂದು ಮಾತಿಗೆ ಆ ವಕೀಲರಿಗೆ ಈಗಲೂ ಸಂಕ್ರಾಂತಿಗೆ ಎಳ್ಳು ಬೆಲ್ಲ ಕಳಿಸುತ್ತೇನೆ.

ಮಗ ನನಗೇ ಸಿಕ್ಕಿದ. ಅವನಿಗೆ ಆಗ ಆರು. ಹನ್ನೊಂದಾದಾಗ ಅವರಪ್ಪ ಮತ್ತೆ ಅರ್ಜಿ ಹಾಕಿದರು. ಹಾಕಬಹುದಂತೆ, ಕಸ್ಟಡಿ ಆದೇಶ ಕಲ್ಲಿನ ಮೇಲೆ ಕೆತ್ತಿದ್ದಲ್ಲ, ಪರಿಸ್ಥಿತಿ ಬದಲಾದರೆ ಬದಲಾಯಿಸುತ್ತಾರೆ. ಜಡ್ಜ್ ಮಗನನ್ನು ಚೇಂಬರಿಗೆ ಕರೆಸಿಕೊಂಡು ಮಾತಾಡಿದರು. ನಾವಿಬ್ಬರೂ ಹೊರಗೆ ಬೆಂಚಿನ ಎರಡು ತುದಿಯಲ್ಲಿ. ಹೊರಗೆ ಬಂದವನು ನನ್ನ ಮುಖ ನೋಡಲಿಲ್ಲ. ಆಗಲೇ ಗೊತ್ತಾಯಿತು. ಈಗ ಅವನು ಅಪ್ಪನ ಹತ್ತಿರ ಇದ್ದಾನೆ. ಹೈಸ್ಕೂಲು. ವಾರಕ್ಕೊಮ್ಮೆ ಬರುತ್ತಾನೆ, ಉಪ್ಸಾರು ಮಾಡಿಸಿಕೊಂಡು ತಿಂದು ಹೋಗುತ್ತಾನೆ.

ಮತ್ತೆ ನಿಮಗೊಂದು ಮಾತು ತಮ್ಮಾ. ಮಗು ತೋರಿಸುತ್ತಿಲ್ಲ ಅಂತ ದುಡ್ಡು ಕೊಡುವುದನ್ನು ನಿಲ್ಲಿಸಬೇಡಿ. ನಮ್ಮವರು ಎರಡು ವರ್ಷ ಹಾಗೆ ಮಾಡಿದರು. ಬಾಕಿ ಎಲ್ಲ ಸೇರಿಸಿ ಕಟ್ಟಬೇಕಾಯಿತು. ಅವರ ಮೇಲಿನ ಒಳ್ಳೆ ಅಭಿಪ್ರಾಯವೂ ಹೋಯಿತು.

ಲಾಯರಮ್ಮ ಮಂಡ್ಯ · 4:00

ಅಕ್ಕ ಹೇಳಿದ್ದು ಸರಿ. ಜೀವನಾಂಶ ಬೇರೆ, ಭೇಟಿ ಬೇರೆ. ಜೀವನಾಂಶದ ಸೆಕ್ಷನ್ ಮೊದಲು ಸಿಆರ್‌ಪಿಸಿ 125 ಅಂತಿದ್ದದ್ದು 2024ರ ಜುಲೈ 1ರಿಂದ ಬಿಎನ್‌ಎಸ್‌ಎಸ್ 144 ಆಗಿದೆ, ವಿಷಯ ಅದೇ. ಹಾಗೇ ತಾಯಂದಿರಿಗೂ: ದುಡ್ಡು ಬರಲಿಲ್ಲ ಅಂತ ಮಗುವನ್ನು ತೋರಿಸದೆ ಇರುವಂತಿಲ್ಲ.

ಮಗುವನ್ನು ಕೇಳುವ ಬಗ್ಗೆ: ಬುದ್ಧಿ ತಿಳಿದು ಹೇಳುವ ವಯಸ್ಸಾಗಿದ್ದರೆ ಮಗುವಿನ ಇಷ್ಟವನ್ನು ಪರಿಗಣಿಸಬಹುದು ಅಂತ 17ನೇ ಸೆಕ್ಷನ್‌ನಲ್ಲಿದೆ. ಇಷ್ಟೇ ವಯಸ್ಸು ಅಂತ ಬರೆದಿಲ್ಲ. ಮಗು ಹೇಳಿದ್ದೇ ಅಂತಿಮವೂ ಅಲ್ಲ. ಯಾರೋ ಹೇಳಿಕೊಟ್ಟು ಕಳಿಸಿದ್ದಾರೆ ಅಂತ ಅನ್ನಿಸಿದರೆ ಅದು ಹೇಳಿಕೊಟ್ಟವರಿಗೇ ತಿರುಗುತ್ತದೆ.

ಎರಡು ಬ್ಯಾಗ್ · ರಾತ್ರಿ 9:40

ಆ ಚೇಂಬರಿನ ಒಳಗೆ ಕೂತವಳು ನಾನು. ಅಕ್ಕನ ಮಗ ಅಲ್ಲ, ನನ್ನದೇ ಕಥೆ. ಈಗ ನನಗೆ 24.

ಅಪ್ಪ ಮೈಸೂರು, ಅಮ್ಮ ಮಂಡ್ಯ ಹತ್ತಿರದ ಹಳ್ಳಿ. ನನ್ನನ್ನು ಕೈ ಬದಲಾಯಿಸುತ್ತಿದ್ದದ್ದು ಶ್ರೀರಂಗಪಟ್ಟಣದ ಹೆದ್ದಾರಿ ಪಕ್ಕ, ಒಂದು ಎಳನೀರು ಗಾಡಿ ಹತ್ತಿರ. ಅಪ್ಪ ಸ್ಕೂಟರಿನಿಂದ ಇಳಿಯುತ್ತಿರಲಿಲ್ಲ. ಮಾವ ಬಸ್ಸಿನಿಂದ ಇಳಿದರೂ ರಸ್ತೆ ದಾಟುತ್ತಿರಲಿಲ್ಲ. ನಾನೇ ಬ್ಯಾಗ್ ಹಾಕಿಕೊಂಡು ನಡುವಿನ ಆ ಹತ್ತು ಹೆಜ್ಜೆ ನಡೆಯಬೇಕು. ಎಳನೀರಿನವನು ಮಾತ್ರ ಪ್ರತಿ ಸಲ ಬಾವ್ವಾ ಅಂತ ಕರೆದು ಗಂಜಿ ಕೆರೆದು ಕೊಡುತ್ತಿದ್ದ. ದುಡ್ಡು ತಗೊಳ್ಳುತ್ತಿರಲಿಲ್ಲ.

ಜಡ್ಜ್ ನನ್ನನ್ನು ಕೇಳಿದರು, ಪುಟ್ಟಾ ನಿಂಗೆ ಎಲ್ಲಿರೋಕೆ ಇಷ್ಟ ಅಂತ. ಒಂಬತ್ತು ವರ್ಷ ನನಗೆ. ಮಂಡ್ಯ ಅಂದೆ. ಅಜ್ಜಿ ಮನೆಯಲ್ಲಿ ನಾಯಿ ಮರಿ ಹಾಕಿತ್ತು. ಅದಕ್ಕೆ. ಬೇರೆ ಏನೂ ಅಲ್ಲ. ಅಪ್ಪ ಇಷ್ಟು ವರ್ಷ ಮಗಳು ನನ್ನನ್ನು ಬೇಡ ಅಂದಳು ಅಂತಲೇ ಅಂದುಕೊಂಡಿದ್ದಾರೆ. ಹೋದ ವರ್ಷ ನಾಯಿ ವಿಷಯ ಹೇಳಿದೆ. ನಕ್ಕರು. ಆಮೇಲೆ ಎದ್ದು ಹೋಗಿ ತುಂಬಾ ಹೊತ್ತು ಮುಖ ತೊಳೆದರು.

ನನ್ನನ್ನು ಆ ಜಡ್ಜ್ ಒಂದೇ ಪ್ರಶ್ನೆ ಕೇಳಿ ಬಿಡಲಿಲ್ಲ, ಅದೂ ನಿಜ. ಶಾಲೆ, ಗೆಳತಿಯರು, ರಾತ್ರಿ ಯಾರ ಹತ್ತಿರ ಮಲಗುತ್ತೀಯ, ಹುಷಾರಿಲ್ಲದಾಗ ಯಾರು ನೋಡಿಕೊಳ್ಳುತ್ತಾರೆ, ಎಲ್ಲ ಕೇಳಿದರು. ಎಲ್ಲದಕ್ಕೂ ಉತ್ತರ ಅಮ್ಮ, ಅಜ್ಜಿ. ಹಾಗಾಗಿ ನಾಯಿ ಇಲ್ಲದಿದ್ದರೂ ಬಹುಶಃ ಅದೇ ಆಗುತ್ತಿತ್ತು.

ಮದ್ದೂರು ಅಕ್ಕ · 9:55

ಅಯ್ಯೋ ಕಂದಾ.

ಸಾಕಾಗಿದೆ 2.0 · 10:10

ಎಲ್ಲ ಕಾನೂನೂ ಹೆಂಗಸರ ಪರ. [ಉಳಿದ ನಾಲ್ಕು ಸಾಲು ತೆಗೆಯಲಾಗಿದೆ. ಬೈಗುಳ ಬೇಡ, ವಿಷಯ ಇದ್ದರೆ ಬರೆಯಿರಿ. – ನಿರ್ವಾಹಕ]

ಮಂಡಿ ಮೊಹಲ್ಲಾ ತಮ್ಮ · ಮಂಗಳವಾರ ಬೆಳಿಗ್ಗೆ 8:00

ಲಾಯರಮ್ಮ, ನಮ್ಮ ಮುಸ್ಲಿಮರಲ್ಲಿ ಹೇಗೆ? ನಮ್ಮ ಆಪಾದು, ಅಂದರೆ ಅಕ್ಕಂದು, ಕೇಸ್ ಇದೆ. ಒಂದು ಗಂಡು, ಒಂದು ಹೆಣ್ಣು.

ಲಾಯರಮ್ಮ ಮಂಡ್ಯ · 8:25

ಹನಫಿ ಪದ್ಧತಿಯಲ್ಲಿ ಗಂಡು ಮಗು ಏಳು ವರ್ಷದವರೆಗೆ, ಹೆಣ್ಣು ಮಗು ದೊಡ್ಡವಳಾಗುವವರೆಗೆ ತಾಯಿಯ ಹತ್ತಿರ. ಅದನ್ನು ಹಿಜಾನತ್ ಅನ್ನುತ್ತಾರೆ. ಗಾರ್ಡಿಯನ್ ಮಾತ್ರ ತಂದೆ. ಆದರೆ ಕೋರ್ಟಿಗೆ ಬಂದರೆ 1890ರ ಕಾಯ್ದೆ ಎಲ್ಲ ಧರ್ಮದವರಿಗೂ ಇದೆ, ಅಲ್ಲೂ ಮಗುವಿನ ಹಿತವನ್ನೇ ನೋಡುತ್ತಾರೆ. ನಿಮ್ಮ ಆಪಾ ವಕೀಲರ ಫೀಸಿಗೆ ಒದ್ದಾಡುತ್ತಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಲಿ. ಹೆಂಗಸರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಕೊಡುತ್ತಾರೆ. ಫೋನ್ 15100.

ಕುವೆಂಪುನಗರದವನು · 9:30

ಜಾಯಿಂಟ್ ಕಸ್ಟಡಿ ಅಂತ ಇದೆಯಲ್ಲ. ಅರ್ಧ ಅವಳು, ಅರ್ಧ ನಾನು. ಅದನ್ನು ಕೇಳಬಹುದಾ?

ಲಾಯರಮ್ಮ ಮಂಡ್ಯ · 1:40

ಕೇಳಬಹುದು. ಕಾಯ್ದೆಯಲ್ಲಿ ಆ ಪದ ಇಲ್ಲ. 2015ರಲ್ಲಿ ಲಾ ಕಮಿಷನ್ ತನ್ನ 257ನೇ ವರದಿಯಲ್ಲಿ ಸೇರಿಸಿ ಅಂತ ಶಿಫಾರಸು ಮಾಡಿತು. ಕಾಯ್ದೆಗೆ ಅದು ಬರಲಿಲ್ಲ. ಆದರೂ ಜಡ್ಜ್ ಮನಸ್ಸು ಮಾಡಿದರೆ ಕೊಡಬಹುದು. ನಮ್ಮ ಕರ್ನಾಟಕ ಹೈಕೋರ್ಟೇ 2013ರಲ್ಲಿ ಒಂದು ಕೇಸಿನಲ್ಲಿ ಜನವರಿಯಿಂದ ಜೂನ್‌ವರೆಗೆ ತಂದೆ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿ ಅಂತ ವರ್ಷವನ್ನೇ ಎರಡು ಭಾಗ ಮಾಡಿ ಕೊಟ್ಟಿದೆ.

ನನ್ನ ಅಭಿಪ್ರಾಯ ಕೇಳಿದರೆ ನಿಮಗೆ ಅದು ಬೇಡ. ಒಂದೇ ಊರಿನಲ್ಲಿ ಎರಡು ಮನೆ ಇದ್ದರೆ, ಒಂದೇ ಶಾಲೆ ಇದ್ದರೆ ಸರಿ. ಮೈಸೂರಿಗೂ ಮಂಡ್ಯಕ್ಕೂ 45 ಕಿಲೋಮೀಟರ್. ಐದು ವರ್ಷದ ಮಗು ಯಾವ ಶಾಲೆಗೆ ಹೋಗುತ್ತದೆ? ಸಮಾನ ಪಾಲು ಅನ್ನುವುದು ಜಮೀನಿಗೆ ಸರಿ. ಮಕ್ಕಳು ತಂದೆ ತಾಯಿಯ ಸ್ವತ್ತಲ್ಲ ಅಂತ ಸುಪ್ರೀಂ ಕೋರ್ಟು 1973ರಲ್ಲೇ ಹೇಳಿದೆ.

ಐದು ಗಂಟೆಯ ಭೇಟಿಯನ್ನು ರಾತ್ರಿ ಉಳಿಯುವ ಭೇಟಿಯಾಗಿ ಬದಲಾಯಿಸಿ ಅಂತ ಕೇಳಿ. ಭೇಟಿ ಇಲ್ಲದ ದಿನ ವಿಡಿಯೋ ಕಾಲ್ ಕೇಳಿ. 2020ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಹೇಳಿದೆ, ಜೊತೆಯಲ್ಲಿ ಇಲ್ಲದ ಪೋಷಕರಿಗೆ ಫೋನು, ವಿಡಿಯೋ ಮೂಲಕ ಮಗುವಿನ ಜೊತೆ ಮಾತಾಡುವ ಅವಕಾಶ ಇರಬೇಕು ಅಂತ. ಮತ್ತೆ ಬೇಗ ಹಾಕಿ. ದಸರಾಕ್ಕೆ ಮಕ್ಕಳಿಗಷ್ಟೇ ಅಲ್ಲ, ಕೋರ್ಟಿಗೂ ರಜೆ.

ಕುವೆಂಪುನಗರದವನು · ರಾತ್ರಿ 11:30

ಒಂದು ಕೆಟ್ಟ ಯೋಚನೆ ಬರುತ್ತಿದೆ. ಬೈಯಬೇಡಿ. ಭಾನುವಾರ ಕರೆದುಕೊಂಡು ಬಂದವನು ವಾಪಸ್ ಕಳಿಸದೆ ಇದ್ದರೆ? ಅವಳು ಕರೆದುಕೊಂಡು ಹೋದಾಗ ನನ್ನನ್ನು ಕೇಳಿದ್ದಳಾ?

ಹಳೇ ಶಿರಸ್ತೇದಾರ · ಬುಧವಾರ ಬೆಳಿಗ್ಗೆ 6:10

ಬೈಯುತ್ತೇನೆ. ಈ ವೇದಿಕೆಯಲ್ಲಿ ನೀನು ಬರೆದಿದ್ದನ್ನು ಅಳಿಸಿದರೂ ಸರಿ, ಮನಸ್ಸಿನಿಂದಲೂ ಅಳಿಸು.

ಅವರು ಹೋದಾಗ ಕೋರ್ಟಿನ ಆದೇಶ ಇರಲಿಲ್ಲ. ಈಗ ಇದೆ. ನಾಲ್ಕು ಗಂಟೆ ಅಂದರೆ ನಾಲ್ಕು ಗಂಟೆ. ಇಟ್ಟುಕೊಂಡರೆ ಅವರು ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಮಗುವನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಅನ್ನುವ ಅರ್ಜಿ, ಹಾಕಬಹುದು, ಪೊಲೀಸರು ಮನೆ ಬಾಗಿಲಿಗೆ ಬರುತ್ತಾರೆ, ಮಗಳು ಅದನ್ನು ನೋಡುತ್ತಾಳೆ. ಈಗ ಇರುವ ಎರಡು ಭಾನುವಾರವೂ ಕೋರ್ಟಿನ ಆವರಣದೊಳಗಿನ ಒಂದು ರೂಮಿಗೆ ಬರುತ್ತದೆ. ಆ ರೂಮು ನೀನು ನೋಡಿಲ್ಲ. ಒಂದು ಕಾಲು ಮುರಿದ ಪ್ಲಾಸ್ಟಿಕ್ ಕುದುರೆ, ನಾಲ್ಕು ಕುರ್ಚಿ. ಅಪ್ಪಂದಿರು ಆ ಕುದುರೆ ಮುಂದೆ ಕೂತು ಒಂದು ಗಂಟೆಯಲ್ಲಿ ಮಗುವಿಗೆ ಏನು ಮಾತಾಡಿಸಬೇಕು ಅಂತ ತಿಳಿಯದೆ ಬಿಸ್ಕತ್ತು ತಿನ್ನಿಸುತ್ತಿರುತ್ತಾರೆ.

ಈಗ ನೀನು ಮಾಡಬೇಕಾದದ್ದು ತಪ್ಪದೆ ಹೋಗುವುದು, ಹೊತ್ತಿಗೆ ಸರಿಯಾಗಿ ಬಿಡುವುದು. ಅದೇ ನಿನ್ನ ತಾಯಿ ಕಾರ್ಡ್.

ಎರಡು ಬ್ಯಾಗ್ · 7:45

ಅಂಕಲ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ ಅಣ್ಣ. ನಿಮ್ಮ ಮನೆಯಲ್ಲೂ ಒಂದು ಹಲ್ಲುಜ್ಜೋ ಬ್ರಷ್ಷು, ಒಂದು ನೈಟ್‌ಡ್ರೆಸ್ಸು, ಒಂದು ಜೊತೆ ಚಪ್ಪಲಿ ಇಡಿ. ನಾನು ಪ್ರತಿ ಸಲ ಬ್ಯಾಗ್ ತುಂಬುವಾಗ ನೆಂಟರ ಮನೆಗೆ ಹೋಗುತ್ತಿದ್ದೇನೆ ಅನ್ನಿಸುತ್ತಿತ್ತು.

ಕುವೆಂಪುನಗರದವನು · ಐದು ವಾರದ ನಂತರ, ಶುಕ್ರವಾರ ರಾತ್ರಿ 11:15

ಏನಾಯಿತು ಅಂತ ಎಷ್ಟೋ ಜನ ಮೆಸೇಜ್ ಮಾಡಿದ್ದೀರಿ. ಹೇಳುತ್ತೇನೆ.

ಕಸ್ಟಡಿ ಬದಲಾಯಿಸಿ ಅಂತ ಕೇಳಲಿಲ್ಲ. ಭೇಟಿಯ ಸಮಯ ಜಾಸ್ತಿ ಮಾಡಿ ಅಂತ ಅದೇ ಕೇಸಿನಲ್ಲಿ ಐಎ (ಮಧ್ಯಂತರ ಅರ್ಜಿ) ಹಾಕಿಸಿದೆ. ಜಡ್ಜ್ ಮೀಡಿಯೇಷನ್‌ಗೆ, ಅಂದರೆ ರಾಜಿ ಮಾತುಕತೆಗೆ, ಕಳಿಸಿದರು. ಹತ್ತು ದಿನ ಸಿಗಲಿಲ್ಲ. ದಸರಾದಲ್ಲಿ ಮೂರು ದಿನ, ಮೂರು ರಾತ್ರಿ. ಆಮೇಲೆ ತಿಂಗಳಿಗೆ ಒಂದು ಶನಿವಾರ ರಾತ್ರಿ ಉಳಿಯಬಹುದು. ಬುಧವಾರ, ಶುಕ್ರವಾರ ಸಂಜೆ 7ಕ್ಕೆ ವಿಡಿಯೋ ಕಾಲ್.

ಮೀಡಿಯೇಷನ್ ರೂಮಿನಲ್ಲಿ ಹೆಂಡತಿ ರಾತ್ರಿ ಬಿಡಲು ಆಗುವುದಿಲ್ಲ ಅಂತ ಒಂದೇ ಸಮ ಹಟ ಹಿಡಿದಳು. ನನಗೂ ರೇಗಿತು. ಮೀಡಿಯೇಟರ್ ಮೇಡಂ, ಯಾಕಮ್ಮ ಅಂತ ಮೆಲ್ಲಗೆ ಕೇಳಿದರು. ಮಗಳಿಗೆ ಚಳಿಗಾಲದ ಮೊದಲೇ ವೀಜಿಂಗ್ ಶುರುವಾಗಿದೆಯಂತೆ, ರಾತ್ರಿ ಎರಡು ಗಂಟೆಗೆ ಎದ್ದು ಉಸಿರಿಗೆ ಒದ್ದಾಡುತ್ತಾಳಂತೆ, ಇವರಿಗೆ ಇನ್ಹೇಲರ್ ಕೊಡಲು ಬರುವುದಿಲ್ಲ ಅಂದಳು. ನಿಜ, ನನಗೆ ಬರುವುದಿಲ್ಲ. ವೀಜಿಂಗ್ ಇದೆ ಅಂತಲೇ ಗೊತ್ತಿರಲಿಲ್ಲ. ಭಾನುವಾರ 11ರಿಂದ 4ರವರೆಗೆ ಅವಳಿಗೆ ಕೆಮ್ಮೇ ಬಂದಿಲ್ಲ.

ಹೆಂಡತಿ ಬ್ಯಾಗಿನಿಂದ ಸ್ಪೇಸರ್, ಇನ್ಹೇಲರಿಗೆ ಸಿಕ್ಕಿಸುವ ಮಾಸ್ಕ್ ಇರುವ ಕೊಳವೆ, ತೆಗೆದು ಟೇಬಲ್ ಮೇಲಿಟ್ಟಳು. ಹೇಗೆ ಹಿಡಿಯಬೇಕು, ಮಾಸ್ಕ್ ಮೂಗು ಬಾಯಿ ಎರಡನ್ನೂ ಹೇಗೆ ಮುಚ್ಚಬೇಕು ಅಂತ ತೋರಿಸಿದಳು. ಒಂದೂವರೆ ವರ್ಷದ ಮೇಲೆ ನಾವಿಬ್ಬರೂ ಕಾಲು ಗಂಟೆ ಜಗಳವಿಲ್ಲದೆ ಮಾತಾಡಿದ್ದು ಅದೇ ಮೊದಲು. ಮಾತಾಡಿದ್ದು ಅಂದರೆ, ಅವಳು ಹೇಳಿದಳು, ನಾನು ಮೊಬೈಲಿನಲ್ಲಿ ಬರೆದುಕೊಂಡೆ.

ದಸರಾಕ್ಕೆ ಮಗಳು ಬಂದಳು. ಜಂಬೂ ಸವಾರಿಯ ನೂಕುನುಗ್ಗಲಿಗೆ ಕರೆದುಕೊಂಡು ಹೋಗಲಿಲ್ಲ, ಧೂಳು ಅಂತ. ಸಂಜೆ ಲೈಟಿಂಗ್ ತೋರಿಸಿದೆ, ಮನೆಯಲ್ಲಿ ಗೊಂಬೆ ಕೂರಿಸಿದ್ದೆವು. ಎರಡನೇ ರಾತ್ರಿ ಕೆಮ್ಮು ಶುರುವಾಯಿತು. ಗಂಟೆ 2:10. ಲೈಟ್ ಹಾಕಿ, ಕೈ ನಡುಗುತ್ತಾ ಇನ್ಹೇಲರನ್ನು ಸ್ಪೇಸರಿಗೆ ಸಿಕ್ಕಿಸಿದೆ. ಅವಳು ಹಾಸಿಗೆ ಮೇಲೆ ಎದ್ದು ಕೂತು, ಕಣ್ಣು ಅರ್ಧ ಮುಚ್ಚಿಕೊಂಡೇ ಹೇಳಿದಳು:

“ಅಪ್ಪಾ, ಮೊದಲು ಅಲ್ಲಾಡಿಸ್ಬೇಕು.”